ತುಳಜಾಪುರದ ಏರು

ನಮ್ಮ ಓಣಿಯ ಇಸ್ತ್ರಿಯವನು ಸಂಜೆ ಕೆಂಡಕ್ಕೆ ನೀರು ಚಿಮುಕಿಸಿದಾಗ ಏಳುವ ವಾಸನೆಗೆ ನಾನು ಇಂದಿಗೂ ಆಳಂದದ ಪುಟ್ಟ ಹುಡುಗಿಯಾಗುತ್ತೇನೆ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಮೋಟಾರುಗಳು ಬೆನ್ನಿಗೆ ಕಟ್ಟಿದ ಇದ್ದಲೊಲೆಯ ಹೊಗೆಯಿಂದ ಓಡುತ್ತಿದ್ದವು. ಒಂದು ಶುಕ್ರವಾರ, ಕಚೇರಿಗೆ ರಜೆಯ ದಿನ, ಅಪ್ಪ ಅಂಥದೊಂದನ್ನು ಬಾಡಿಗೆಗೆ ತಂದು, "ಗುಡ್ಡದ ಮ್ಯಾಲ ತುಳಜಾಪುರಕ್ಕ ಹೋಗಿ ಗಾಳಿ ತಿಂದು ಬರೂಣು" ಎಂದ. ಗಾಳಿ ತಿನ್ನಲು ಹೊರಟವರಲ್ಲಿ ಹದಿಮೂರರ ಅಕ್ಕನಿಗೆ ಮಾತ್ರ ಜರಿ ಸೀರೆ ಉಡಿಸಿದ್ದರು. ಅಲ್ಲಿ ಅವಳನ್ನು ನೋಡಲು ಕಾದಿದ್ದವನಿಗೆ ಅದು ಎರಡನೇ ಮದುವೆ. ಅಕ್ಕ ದಾರಿಯುದ್ದಕ್ಕೂ ನಮ್ಮ ಅಜ್ಜಿ ಆಯಿಯ ತೋಳು ಹಿಡಿದೇ ಕೂತಿದ್ದಳು. ಆಯಿಯ ಮಡಿಲಲ್ಲಿ ನೀರು ತುಂಬಿದ ಹಿತ್ತಾಳೆ ತಂಬಿಗೆ.

ಏರಿನ ನಡುವೆ ಮೋಟಾರು ಏದುಸಿರು ಬಿಟ್ಟು ನಿಂತಿತು. ಡ್ರೈವರ್ ಒಲೆಯ ಬಾಗಿಲು ತೆರೆದಿಟ್ಟು, ಗಾಲಿಗೆ ಒಡ್ಡಲು ಕಲ್ಲು ತರೋಣವೆಂದು ಅಪ್ಪನನ್ನು ಕರೆದುಕೊಂಡು ಹೋದ. ಕಾಲು ಜೋಮು ಹಿಡಿದಿದೆ ಎಂದು ಆಯಿಯೂ ಇಳಿದಳು. ಹಿಂದುಗಡೆ ಚುಂಯ್ ಎಂದಿತು. ಬಿಳಿ ಹೊಗೆ ಎದ್ದಿತು.

"ಬೆಂಕಿ ಪೂರಾ ಆರಿ ಹೋಗ್ಯಾದ್ರಿ," ಎಂದು ಕಲ್ಲು ಹೊತ್ತು ಬಂದ ಡ್ರೈವರ್ ತಲೆ ಕೆರೆದುಕೊಂಡ.

"ಶಕುನ ಚಲೋ ಇಲ್ಲೋ ತಮ್ಮಾ," ಎಂದು ಆಯಿ ಅಪ್ಪನಿಗೆ ಹೇಳಿದಳು. "ದೇವೀನೇ ಬ್ಯಾಡ ಅನ್ನಾಕತ್ತಾಳ. ತಿರುಗಸು."

ಅಪ್ಪ ಹೂಂ ಎಂದು, ಡ್ರೈವರನ ಜೊತೆ ಮೋಟಾರು ತಳ್ಳಿ ತಿರುಗಿಸಿದ. ಇಳಿಜಾರಿಗೆ ಬೆಂಕಿಯೇ ಬೇಕಿರಲಿಲ್ಲ. ಅಕ್ಕ ಸೆರಗನ್ನು ಗಾಳಿಗೆ ಬಿಟ್ಟು ನಗತೊಡಗಿದಳು. ನಕ್ಕು ನಕ್ಕು ಬಾಯಾರಿ, "ಆಯಿ, ನೀರು ಕೊಡ" ಎಂದಳು.

ಆಯಿ ತಂಬಿಗೆಯನ್ನು ಮಡಿಲಲ್ಲಿ ಬೋರಲು ಹಾಕಿದಳು. ಒಂದು ಹನಿಯೂ ಬೀಳಲಿಲ್ಲ.

"ಮನೀಗಿ ಹೋಗಿ ಕುಡೀಯಂತ, ನನ್ನವ್ವ."