ನಾಲ್ಕೂವರೆಯ ಗದ್ದಲ

ಸಂಜೆ ನಾಲ್ಕಕ್ಕೆ ನಿವೃತ್ತ ಇಂಜಿನಿಯರರು ಮೇಲಿನ ಮನೆಯ ದರ್ಜಿಯ ಬಾಗಿಲು ಬಡಿದರು. ಒಂದೇ ವಾರದಲ್ಲಿ ಇದು ಐದನೆಯ ಸಲ.

"ನಾಲ್ಕೂವರೆಯಿಂದ ನಾಲ್ಕೂಮುಕ್ಕಾಲು. ಆ ಹೊಲಿಗೆ ಯಂತ್ರದ ಮೋಟಾರು ನಿಲ್ಲಿಸಿದರೆ ನಿಮ್ಮ ಗಂಟೇನು ಹೋಗುತ್ತೆ?"

ದರ್ಜಿ ತುಟಿಗಳ ನಡುವೆ ಹಿಡಿದಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡ. "ನಿಲ್ಲಿಸಿ ಮೂರು ದಿನ ಆಯ್ತು ಯಜಮಾನ್ರೇ. ಇನ್ನು ಉಳಿದಿರೋದು ನನ್ನ ಉಸಿರು. ಅದೂ ನಿಮ್ಮ ರೇಡಿಯೋಗೆ ಅಡ್ಡ ಬರುತ್ತೆ ಅಂದ್ರೆ ಹೇಳಿ, ಹದಿನೈದು ನಿಮಿಷ ಬಿಗಿಹಿಡೀತೀನಿ."

"ಇವತ್ತೊಂದು ದಿನ ಪ್ಲಗ್ಗನ್ನೇ ಕಿತ್ತಿಡಿ," ಎಂದರು ಇಂಜಿನಿಯರರು. ಆ ದನಿಯಲ್ಲಿ ಜಗಳವಿರಲಿಲ್ಲ. ದರ್ಜಿ ಹೋಗಿ ಕಿತ್ತಿಟ್ಟ.

ಇವತ್ತೊಂದೇ ದಿನ ಉಳಿದಿತ್ತು. ಮಗಳು ದೇಶ ಬಿಟ್ಟು ಆರು ವರ್ಷವಾಗಿತ್ತು. ಸೋದರಮಾವನ ಹಾದಿಯನ್ನೇ ಹಿಡಿದು, ಅಪ್ಪನೊಡನೆ ಮಾತು ಮುರಿದು ಹೋದವಳು, ದೂರದ ರೇಡಿಯೋ ನಿಲ್ದಾಣವೊಂದರಿಂದ ಶಾರ್ಟ್‌ವೇವ್‌ನಲ್ಲಿ ವಾರ್ತೆ ಓದುತ್ತಿದ್ದಳು. ನಾಳೆಯಿಂದ ಆ ಪ್ರಸಾರ ಇರುವುದಿಲ್ಲ. 'ಮತ್ತೆಂದಾದರೂ ನನ್ನನ್ನು ಅಪ್ಪ ಎನ್ನುತ್ತೀಯಾ?' ಎಂದು ಅವರು ಬರೆದ ಕಾಗದಕ್ಕೆ ಎರಡೇ ಸಾಲಿನ ಮರುಟಪಾಲು ಬಂದಿತ್ತು: 'ಇದು ನನ್ನ ಕೊನೆಯ ಪತ್ರ. ಉತ್ತರವನ್ನು ಕೊನೆಯ ದಿನ, ವಾರ್ತೆ ಮುಗಿದ ಮೇಲೆ ಹೇಳುತ್ತೇನೆ, ಕೇಳಿಸಿದರೆ ಕೇಳಿಸಿತು.'

ಪತ್ರ ಬಂದ ಮರುದಿನವೇ ಗದ್ದಲ ಶುರುವಾಯಿತು. ನಾಲ್ಕೂವರೆಗೆ ಸರಿಯಾಗಿ, ಜಲ್ಲಿ ಸುರಿದಂತೆ ಗರಗರ, ನಾಲ್ಕೂಮುಕ್ಕಾಲಿಗೆ ನಿಶ್ಶಬ್ದ. ನಡುವೆ ಮುಳುಗುತ್ತಿರುವವಳ ಕೈಯಂತೆ ಮಗಳ ದನಿ ಒಮ್ಮೊಮ್ಮೆ ಮೇಲೆದ್ದು ಮಾಯವಾಗುತ್ತಿತ್ತು.

ಅವರು ಸೋಲುವ ಆಸಾಮಿಯಲ್ಲ. ಮೂವತ್ತು ವರ್ಷ ಸರ್ಕಾರದ ರೇಡಿಯೋ ತರಂಗ ಇಲಾಖೆಯಲ್ಲಿ ದುಡಿದವರು. ನಡುಮನೆಯ ಸೂರಿನುದ್ದಕ್ಕೂ ತಾಮ್ರದ ತಂತಿ ಎಳೆದರು. ವಿದ್ಯುತ್ತಿನ ವೈರುಗಳಿಂದ ಅದನ್ನು ದೂರವಿಟ್ಟರು. ಹೆಂಡತಿ ಸ್ಟೂಲು ಹಿಡಿದು ನಿಂತು ಮೊಳೆಗಳನ್ನು ಎತ್ತಿಕೊಟ್ಟರು. ಮನೆಯ ಮೇನ್ ಆಫ್ ಮಾಡಿ, ರೇಡಿಯೋವನ್ನು ಬ್ಯಾಟರಿಗೆ ಹಾಕಿ ನೋಡಿದ್ದಾಯಿತು. ಫ್ಯಾನು ನಿಂತಿತು, ಫ್ರಿಜ್ಜು ಸುಮ್ಮನಾಯಿತು, ಗದ್ದಲ ಮಾತ್ರ ಕದಲಲಿಲ್ಲ. ಹಾಗಾದರೆ ಅದು ಹೊರಗಿನದು.

ಕೊನೆಗೆ ಮರದ ಚೌಕಟ್ಟಿಗೆ ತಂತಿ ಸುತ್ತಿ ತಿರುಗುವ ಏರಿಯಲ್ ಮಾಡಿದರು. ಚೌಕಟ್ಟಿನ ಅಂಚು ಯಾವ ಕಡೆಗೆ ತಿರುಗಿದಾಗ ಗದ್ದಲ ಹೆಚ್ಚುತ್ತದೋ ಅದರ ಮೂಲ ಆ ಕಡೆಗೆ. ಅಂಚು ಅಡುಗೆಮನೆಯನ್ನು ಹಾದು ಮೆಟ್ಟಿಲಿನತ್ತ ತೋರಿತು. ಆ ಮೆಟ್ಟಿಲ ತುದಿಯಲ್ಲಿ ದರ್ಜಿ. ಮಗಳ ನಿಲ್ದಾಣವೂ ಅದೇ ದಿಕ್ಕು. ಗದ್ದಲವನ್ನು ಅಡಗಿಸಲು ಚೌಕಟ್ಟು ಹೊರಳಿಸಿದರೆ ಮಗಳೂ ಅಡಗುತ್ತಿದ್ದಳು.

"ಯಾಕೆ ಹೀಗೆ ಜೀವ ತೇಯ್ತೀರಿ? ಕಾಗದ ಬಂದಿದೆಯಲ್ಲ," ಎಂದರು ಹೆಂಡತಿ.

"ಕಾಗದದಲ್ಲಿ ದನಿ ಇರುತ್ತೇನೆ?"

"ಇರಲ್ಲ. ನನಗೆ ಗೊತ್ತು."

ನಾಲ್ಕು ಇಪ್ಪತ್ತೈದಕ್ಕೆ ಅವರು ಚೌಕಟ್ಟನ್ನು ಕೂದಲೆಳೆಯಷ್ಟು ಸರಿಸಿದರು. ನಿಲ್ದಾಣದ ಆರಂಭದ ಸಂಗೀತ ತೊಳೆದಿಟ್ಟ ಗಾಜಿನಂತೆ ಬಂತು. ಮೇಲೆ ಮೋಟಾರಿಲ್ಲ. ಅವರು ಹೆಂಡತಿಯತ್ತ ತಿರುಗಿದರು. "ಇವಳೇ, ಬಾ ಇಲ್ಲಿ, ಕೂತ್ಕೋ."

"ನೀವು ಕೇಳಿ. ನನ್ನ ಕೈಲಿ ಆಗಲ್ಲ." ವಾರವಿಡೀ ಅಷ್ಟೇ, ಆ ಹೊತ್ತಾದರೆ ಆಕೆ ಅಡುಗೆಮನೆ ಸೇರಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು.

ನಾಲ್ಕೂವರೆ. ಗರಗರ.

ಇಂಜಿನಿಯರರು ಚೌಕಟ್ಟು ತಿರುಗಿಸಿದರು, ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರು, ರೇಡಿಯೋವನ್ನು ಎದೆಗೊತ್ತಿಕೊಂಡು ಕಿಟಕಿಯ ಸರಳಿಗೆ ಅಂಟಿ ನಿಂತರು. ವಾರ್ತೆ ಮುಗಿದದ್ದು ಗೊತ್ತಾಗಲಿಲ್ಲ. "ಅಪ್ಪ" ಎಂದಂತಾಯಿತು, ಮಳೆ ಎಂದರೂ ಆ ಸದ್ದಿಗೆ ಒಪ್ಪುತ್ತಿತ್ತು. ಆಮೇಲೆ ಗದ್ದಲ ತಟ್ಟನೆ ನಿಂತು, ಮುಕ್ತಾಯದ ಸಂಗೀತ ನಿರ್ಮಲವಾಗಿ, ನಿರ್ದಯವಾಗಿ ಕೋಣೆಯನ್ನು ತುಂಬಿತು.

ಹೆಂಡತಿ ನೀರು ತಂದರು. ಅವರು ಕುಡಿಯಲಿಲ್ಲ. "ಇದು ದರ್ಜಿಯ ಕೈಲಾಗೋ ಕೆಲಸವಲ್ಲ ಕಣೇ. ಬಲ್ಲವರು ಯಾರೋ ಬೇಕೆಂದೇ ಮಾಡಿದ್ದು."

"ಇರಬಹುದು. ಹತ್ತಿರದಿಂದ ನೋಡಿ ಕಲಿತಿರಬೇಕು."

ಆಕೆ ಅಡುಗೆಮನೆಗೆ ಮರಳಿ, ಟವೆಲು ಸುತ್ತಿದ್ದ ಪಿಂಗಾಣಿ ಜಾಡಿಯೊಳಗಿನಿಂದ ಸದ್ದಾಗದಂತೆ ಬಟ್ಟಲು ಬಿಚ್ಚಿದ ಬ್ಯಾಟರಿ ಕರೆಗಂಟೆಯೊಂದನ್ನು ಹೊರತೆಗೆದರು. ರೇಡಿಯೋದಲ್ಲಿ ಗರಗರ ಎಬ್ಬಿಸುವ ಕಿಡಿ ಹಾರಿ ಹಾರಿ ಅದರ ನಾಲಗೆ ಇನ್ನೂ ಬಿಸಿಯಾಗಿತ್ತು. ಬ್ಯಾಟರಿಗಳನ್ನು ಬಿಡಿಸಿ ಕಸದ ಬುಟ್ಟಿಗೆ ಹಾಕಿದರು. ಮಗಳು ಏನೆಂದಳೋ ಆಕೆಗೂ ಕೇಳಿಸಿರಲಿಲ್ಲ. ಹಿಂದೆ ಹನ್ನೊಂದು ವರ್ಷ ಅದೇ ನಿಲ್ದಾಣದಿಂದ ಆಕೆಯ ಅಣ್ಣ ಮಾತಾಡುತ್ತಿದ್ದ. ರೇಡಿಯೋಗೆ ಕಿವಿಯಿಟ್ಟು ಕೂತ ತಂಗಿಗೆ, ಅವನು ಅಲ್ಲೇ ತೀರಿಕೊಳ್ಳುವವರೆಗೂ, ಇದೇ ಗರಗರದ ಹೊರತು ಒಂದಕ್ಷರ ಕೇಳಿಸಿರಲಿಲ್ಲ.

ಹೊರದೇಶದ ನಿಲ್ದಾಣಗಳು ಇಲ್ಲಿ ಯಾರಿಗೂ ಕೇಳಿಸದಂತೆ ಆ ಗದ್ದಲವನ್ನು ಹುಟ್ಟಿಸಿ ಗಾಳಿಗೆ ಬಿಡುವುದೇ ಇಂಜಿನಿಯರರ ಮೂವತ್ತು ವರ್ಷದ ನೌಕರಿಯಾಗಿತ್ತು.