ಗುಂಡು ತಲೆಯ ಸ್ಕ್ರೂ

ಬಟ್ಟೆ ಸೋಪಿನ ವಾಸನೆ ಬಂದರೆ ಈಗಲೂ ನನಗೆ ಬಡಗಿಯಾಗಿದ್ದ ತಾತ ನೆನಪಾಗುತ್ತಾರೆ. ಸ್ಕ್ರೂ ಮರಕ್ಕೆ ಸಲೀಸಾಗಿ ಇಳಿಯಲೆಂದು ಅವರು ಸೋಪು ಸವರುತ್ತಿದ್ದರು.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ತಾತ ಮತ್ತು ನಾನು ಲಕ್ಷ್ಮೀಪುರಂನ ಒಂದು ಮನೆಗೆ ತೇಗದ ಬಾಗಿಲು ಕೂರಿಸಲು ಹೋಗಿದ್ದೆವು. ತಾತ ಬಾಗಿಲನ್ನು ಚೌಕಟ್ಟಿಗೆ ಸೇರಿಸುವ ಕೀಲನ್ನು ತಡವುತ್ತಿದ್ದುದನ್ನು ಕಂಡ ಮನೆಯ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, "ತಾತಂಗೆ ಕಣ್ಣು ಕಾಣುತ್ತೇನಮ್ಮ?" ಎಂದರು.

"ಓ, ಚೆನ್ನಾಗಿ ಕಾಣುತ್ತೆ" ಎಂದುಬಿಟ್ಟೆ.

ಯಜಮಾನರು ತಂದಿಟ್ಟಿದ್ದ ಸ್ಕ್ರೂ ಒಂದನ್ನು ತಾತ ಹೆಬ್ಬೆರಳಲ್ಲಿ ಉಜ್ಜಿದರು. "ಇದು ಗುಂಡು ತಲೇದು ಸ್ವಾಮಿ. ಚಿಲಕಕ್ಕಾಗುತ್ತೆ, ಕೀಲಿಗಾಗಲ್ಲ. ತಲೆ ಎದ್ದು ನಿಂತ್ರೆ ಬಾಗ್ಲು ಮುಚ್ಚಲ್ಲ."

"ಅಷ್ಟಕ್ಕೆಲ್ಲ ಏನಾಗುತ್ತೆ, ಹಾಕ್ಬುಡಿ ಆಚಾರ್ರೇ."

ತಾತ ಅವನ್ನೇ ಹಾಕಿದರು. ಬಾಗಿಲು ಮುಚ್ಚಲು ಇನ್ನೂ ಬೆರಳಗಲ ಇರುವಾಗಲೇ ನಿಂತುಬಿಟ್ಟಿತು. ಆಮೇಲೆ ಅವರು ಆ ಸ್ಕ್ರೂಗಳನ್ನು ಬಿಚ್ಚಿ, ತಮ್ಮ ಚೀಲದಿಂದ ಚಪ್ಪಟೆ ತಲೆಯವನ್ನು ತೆಗೆದು, ಸೋಪು ಸವರಿ ತಿರುಗಿಸಿದರು. ತಲೆಗಳು ಕೀಲಿನ ಕುಳಿಯೊಳಗೆ ಮಟ್ಟವಾಗಿ ಕೂತವು. ಬಾಗಿಲು ಸದ್ದಿಲ್ಲದೆ ಮುಚ್ಚಿತು. ಯಜಮಾನರು ತಾವೇ ನಾಲ್ಕು ಸಲ ತೆಗೆದು ಮುಚ್ಚಿ ನೋಡಿದರು.

ಹೊರಡುವಾಗ ತಾತ ನನ್ನ ಹೆಗಲ ಮೇಲೆ ಕೈಯಿಟ್ಟು, "ಮೆಟ್ಲು ಎಷ್ಟವೆ, ಹೇಳ್ತಾ ಬಾ ಮಗಾ" ಎಂದರು.

ಯಜಮಾನರಿಗೆ ಕೇಳಿಸದಂತೆ, ಎದೆಯುಬ್ಬಿಸಿಕೊಂಡು, ನಾನು ಒಂದೊಂದೇ ಮೆಟ್ಟಿಲು ಎಣಿಸುತ್ತಾ ಇಳಿದೆ.