ಕೆರೆಯಂಚಿನ ಮಣ್ಣು

ಪೊಟ್ಟಣ ಬಿಚ್ಚುತ್ತಲೇ ಮಣ್ಣು ಪರೀಕ್ಷಕಿಗೆ ಮೈಯೆಲ್ಲ ಉರಿಯಿತು. ಅಣ್ಣ ತನ್ನ ಹೊಲದ್ದೆಂದು ತಂದುಕೊಟ್ಟ ಮಣ್ಣು ಕಪ್ಪಗೆ, ಹಿಟ್ಟಿನಷ್ಟು ನುಣ್ಣಗಿತ್ತು. ನಡುವೆ ಒಂದು ಬಸವನಹುಳುವಿನ ಚಿಪ್ಪು. "ಅಣ್ಣಾ, ನಿನ್ನ ಹೊಲದಲ್ಲಿ ಬಿಳೀ ಉಪ್ಪು ಮೇಲೆದ್ದಿರುತ್ತೆ. ನಾನೂ ಅಲ್ಲೇ ಆಡಿ ಬೆಳೆದವಳು. ಇದನ್ನ ಎಲ್ಲಿಂದ ತಂದೆ?"

"ಕೆರೆಯಂಚಿನ ಗುಂಡಿಯಿಂದ," ಅಂದ ಅಣ್ಣ, ಅದರಲ್ಲೇನು ತಪ್ಪು ಎಂಬಂತೆ. "ಪರೀಕ್ಷೆಗೆ ಯಾರಾದ್ರೂ ಕೆಟ್ಟ ಮಣ್ಣು ಕೊಡ್ತಾರೇನೆ? ನಾಲ್ಕು ಜನ ನೋಡೋದು."

"ಡಾಕ್ಟರ ಹತ್ರ ಹೋದಾಗ ಪಕ್ಕದ ಮನೆಯವನ ರಕ್ತ ಕೊಟ್ಟು ಬರ್ತೀಯಾ? ಹಾಕಿದ ಹತ್ತಿ ಮೊಳಕೇನೇ ಒಡೀಲಿಲ್ಲ ಅಂತ ಗೋಳಾಡಿದವನು ನೀನೇ ತಾನೇ?"

"ನನ್ನೊಬ್ಬನ ಮೇಲೆ ಯಾಕೆ ಕೂಗಾಡ್ತೀಯ? ಹೋದ ವರ್ಷ ಸುತ್ತಲ ಹಳ್ಳಿಯವರೆಲ್ಲ ನಿನಗೆ ಕೊಟ್ಟಿದ್ದೂ ಅದೇ ಗುಂಡಿಯದು."

ಅವಳು ತಟ್ಟನೆ ತಲೆಯೆತ್ತಿ ನೋಡಿದಳು. ಹೋದ ವರ್ಷದ ಪೊಟ್ಟಣಗಳನ್ನು ಪರೀಕ್ಷಿಸಿ ಅವಳೇ ಬರೆದ ಇಡೀ ಸೀಮೆಯ ನಕ್ಷೆ ಎದುರಿನ ಗೋಡೆಯ ಮೇಲಿತ್ತು: ಈ ಮೂಲೆಯಿಂದ ಆ ಮೂಲೆಯವರೆಗೆ ಒಂದೇ ಕಪ್ಪು ಬಣ್ಣ, ಕೆಳಗೆ ಅವಳದೇ ದುಂಡಗಿನ ಅಕ್ಷರದಲ್ಲಿ 'ಹತ್ತಿಗೆ ಯೋಗ್ಯ'. ಕಿಟಕಿಯಾಚೆ, ಆ ನಕ್ಷೆ ನಂಬಿ ಈ ವರ್ಷಕ್ಕೂ ತರಿಸಿದ ಹತ್ತಿಬೀಜದ ಚೀಲಗಳನ್ನು ಲಾರಿಯಿಂದ ಇಳಿಸುತ್ತಿದ್ದರು.